ಏಳು ಲಾರಿಗಳಲ್ಲಿ ಐದನ್ನು ಮಾರಿ ಎಂದವಳು ನಾನೇ

ಗಾಡಿ ಸ್ವಂತದ್ದು ಇರಬೇಕೋ, ಬಾಡಿಗೆಯದ್ದು ಸಾಕೋ ಎಂದು ಕೇಳಿಕೊಂಡು ಈಗಲೂ ನಮ್ಮ ಮನೆಗೆ ಜನ ಬರುತ್ತಾರೆ. ಹೆಚ್ಚಿನವರು ಮಾಲು ಸಾಗಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು. ಲ್ಯಾಪ್‌ಟಾಪಿನಲ್ಲಿ ಎಡಗಡೆ ಸ್ವಂತ ಗಾಡಿಯ ಖರ್ಚು, ಬಲಗಡೆ ಬಾಡಿಗೆಯ ಖರ್ಚು ಹಾಕಿಕೊಂಡು ಬಂದಿರುತ್ತಾರೆ. ಯಾವುದು ಕಡಿಮೆಯೋ ಅದೇ ಉತ್ತರ ಎಂದು ಅವರಿಗೆ ಯಾರೋ ಕಲಿಸಿದ್ದಾರೆ. ನಾನು ಓದಿ, ತಪ್ಪಿದ್ದಲ್ಲಿ ತಿದ್ದಿ, ಆಮೇಲೆ ಕೇಳುತ್ತೇನೆ: "ನಿಮ್ಮ ಮಾಲು ದಾರಿಯಲ್ಲಿ ಎಂತ ಆಗ್ತದೆ?" ಅವರು ನನ್ನ ಮುಖ ನೋಡುತ್ತಾರೆ. ಮುದುಕಿಗೆ ಪ್ರಶ್ನೆಯೇ ತಿಳಿಯಲಿಲ್ಲ ಎಂದುಕೊಳ್ಳುತ್ತಾರೋ ಏನೋ. ತಿಳಿದುಕೊಳ್ಳಲಿ. ಮೂವತ್ತು ವರ್ಷ ನಾನು ಕೇಳಿದ್ದು ಇದೊಂದೇ ಪ್ರಶ್ನೆ. ಅದಕ್ಕಾಗಿ ಹಠಮಾರಿ ಎನ್ನಿಸಿಕೊಂಡಿದ್ದೇನೆ, ದ್ರೋಹಿ ಎಂದೂ ಅನ್ನಿಸಿಕೊಂಡಿದ್ದೇನೆ. ಎರಡಕ್ಕೂ ನನಗೆ ಪಶ್ಚಾತ್ತಾಪವಿಲ್ಲ.

ನನ್ನ ಹೆಸರು ಜಲಜಾ. ಊರು ಕುಂದಾಪುರದ ಹತ್ತಿರ. ಮದುವೆಯಾಗಿ ವಡೋದರಾಕ್ಕೆ ಬಂದೆ. ಗಂಡ ಅಲಕಾಪುರಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಆ ಹೋಟೆಲಿಗೆ ಬರುತ್ತಿದ್ದ ಸುಂದರಣ್ಣ ಎಂಬವರು ಮಕರ್‌ಪುರಾದ ಕೈಗಾರಿಕಾ ಪ್ರದೇಶದಲ್ಲಿ ದೋಸೆ, ಇಡ್ಲಿ ಹಿಟ್ಟು ರುಬ್ಬುವ ಕಾರ್ಖಾನೆ ಶುರುಮಾಡಿದ್ದರು. ಗುಜರಾತಿನಲ್ಲಿ ನಮ್ಮವರ ಹೋಟೆಲುಗಳು ಹೆಚ್ಚುತ್ತಿದ್ದ ಕಾಲ. ಪ್ರತಿಯೊಬ್ಬರೂ ತಮ್ಮ ತಮ್ಮಲ್ಲೇ ರುಬ್ಬಿಕೊಳ್ಳುವ ಬದಲು ಒಂದೇ ಕಡೆ ರುಬ್ಬಿ ಉತ್ತರಕ್ಕೆ ಅಹಮದಾಬಾದಿಗೂ ದಕ್ಷಿಣಕ್ಕೆ ಸೂರತ್ತಿಗೂ ಕಳಿಸಿದರೆ ಹೇಗೆ ಎಂಬುದು ಅವರ ಯೋಚನೆ. ವಡೋದರಾ ನಡುವೆ ಇದೆಯಲ್ಲ. ಅವರಿಗೆ ಚೀಟಿ ಬರೆಯಲು, ಫೋನ್ ಎತ್ತಲು ಕನ್ನಡ ಬರುವವರೊಬ್ಬರು ಬೇಕಿತ್ತು. ನಾನು ಹೋದೆ. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ಯಾವಾಗ ಯಾವ ಹುದ್ದೆ ಕೊಟ್ಟರು ಎಂಬುದನ್ನು ಬರೆದು ಯಾರ ಸಮಯವನ್ನೂ ಹಾಳುಮಾಡುವುದಿಲ್ಲ. ಕೊನೆಗೆ ಮಾಲು ಕಳಿಸುವ ವಿಭಾಗ ಪೂರ್ತಿ ನನ್ನ ಕೈಯಲ್ಲಿತ್ತು, ಅಷ್ಟು ಸಾಕು.

ಆಗ ನಮ್ಮಲ್ಲಿ ಒಂದೂ ಗಾಡಿ ಇರಲಿಲ್ಲ. ಬೆಳಿಗ್ಗೆ ರುಬ್ಬಿದ ಹಿಟ್ಟನ್ನು ಕ್ಯಾನುಗಳಿಗೆ ತುಂಬಿ, ಸುತ್ತ ಮಂಜುಗಡ್ಡೆ ಇಟ್ಟು, ಒದ್ದೆ ಗೋಣಿ ಹೊದೆಸಿ, ಟ್ರಾನ್ಸ್‌ಪೋರ್ಟ್ ಏಜೆಂಟು ಕಳಿಸಿದ ಟೆಂಪೋಗೆ ಏರಿಸುತ್ತಿದ್ದೆವು. ಹಿಟ್ಟು ದಾರಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಅದು ಹುಳಿ ಬರುತ್ತಾ ಹೋಗುತ್ತದೆ, ಉಬ್ಬುತ್ತದೆ. ಹೊತ್ತಿಗೆ ಸರಿಯಾಗಿ ತಲುಪಿದರೆ ಹೋಟೆಲಿನವರು ತಣ್ಣನೆಯ ಕೋಣೆಯಲ್ಲಿಟ್ಟು ಮರುದಿನ ಹೂವಿನಂಥ ಇಡ್ಲಿ ಮಾಡುತ್ತಾರೆ. ತಡವಾದರೆ ಚರಂಡಿಗೆ.

ಒಂದು ಮೇ ತಿಂಗಳು ಹಜೀರಾದ ಒಂದು ಕಂಪನಿಯ ಕಾಲೊನಿಯಲ್ಲಿ ಕನ್ನಡದವರ ಮದುವೆ. ಬೆಳಗಿನ ತಿಂಡಿಯ ಜವಾಬ್ದಾರಿ ಸೂರತ್ತಿನ ನಮ್ಮ ಗಿರಾಕಿ ಹೋಟೆಲಿನವರದ್ದು. ಹಿಂದಿನ ದಿನ ಹತ್ತು ಗಂಟೆಗೇ ಟೆಂಪೋ ಹೊರಟಿತು. ಮೂರು ಗಂಟೆಗೆ ತಲುಪಬೇಕಿತ್ತು. ತಲುಪಿದ್ದು ಕತ್ತಲಾಗುವ ಹೊತ್ತಿಗೆ. ಭರೂಚಿನ ಬಳಿ ನರ್ಮದಾ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಲ್ಲುವುದು ಆ ಕಾಲದಲ್ಲಿ ಮಾಮೂಲು. ಆದರೆ ನಮ್ಮ ಹಿಟ್ಟನ್ನು ಕೊಂದದ್ದು ಸೇತುವೆಯಲ್ಲ. ಟೆಂಪೋದವನು ನಮಗೆ ಹೇಳದೆ ಅಂಕಲೇಶ್ವರದ ಯಾವುದೋ ಕಾರ್ಖಾನೆಗೆ ಹೋಗುವ ಡ್ರಮ್ಮುಗಳನ್ನೂ ಹಾಕಿಕೊಂಡಿದ್ದ. ಸೇತುವೆ ದಾಟಿದ ಮೇಲೆ ಆ ಕಾರ್ಖಾನೆಯ ಗೇಟಿನ ಮುಂದೆ ಬಿಸಿಲಲ್ಲಿ ಎರಡು ತಾಸು ನಿಂತಿದ್ದ.

ಸೂರತ್ತಿನ ಹೋಟೆಲಿನ ಮಾಲೀಕರು ಫೋನಿನಲ್ಲಿ ಹೇಳಿದ್ದು ನನಗಿನ್ನೂ ನೆನಪಿದೆ: "ಜಲಜಕ್ಕ, ಬಾಗಿಲು ತೆಗೆದ ಕೂಡಲೇ ಹಿಟ್ಟು ತಾನೇ ಇಳಿದು ಬಂತು ಮಾರಾಯ್ರೆ. ನಾವು ಇಳಿಸುವ ಕೆಲಸ ಇರಲಿಲ್ಲ." ಮರುದಿನ ಆ ಮದುವೆಯಲ್ಲಿ ಇಡ್ಲಿಯ ಬದಲು ಉಪ್ಪಿಟ್ಟು ಬಡಿಸಿದರು. ಹುಡುಗಿಯ ತಂದೆ ಇಡೀ ದಿನ ಬೀಗರ ಮುಖ ನೋಡಲಿಲ್ಲವಂತೆ.

ನಾನು ಏಜೆಂಟನ ಆಫೀಸಿಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಕೂತಿದ್ದವರೆಲ್ಲ ಗಂಡಸರು. ಏಜೆಂಟ್ ನನ್ನನ್ನು ನೋಡಿ, "ಬೆನ್, ಯಾರನ್ನಾದರೂ ಗಂಡಸರನ್ನು ಕಳಿಸಿ, ಮಾತಾಡೋಣ" ಎಂದ. ಅಲ್ಲಿ 'ಬೆನ್' ಎಂದರೆ ಅಕ್ಕ. "ಹಾಳಾದದ್ದು ನಾನು ಕಳಿಸಿದ ಮಾಲು. ನನ್ನ ಹತ್ತಿರವೇ ಮಾತಾಡಬೇಕು" ಎಂದು ಅಲ್ಲೇ ನಿಂತೆ. ಎಷ್ಟೋ ಹೊತ್ತಾದ ಮೇಲೆ ಅವನು ಬೇಸತ್ತು ಹೇಳಿದ: "ಗಾಡಿ ತಲುಪಿದೆಯಲ್ಲ? ಮತ್ತೇನು?"

ಈ ಕೆಲಸಕ್ಕೆ ಬರುವವರು ಆ ಮಾತನ್ನು ಬರೆದಿಟ್ಟುಕೊಳ್ಳಬೇಕು. ಅವನು ಸುಳ್ಳು ಹೇಳಿರಲಿಲ್ಲ. ಅವನು ಒಪ್ಪಿಕೊಂಡದ್ದು ಗಾಡಿಯನ್ನು ತಲುಪಿಸುವುದಕ್ಕೆ. ಹಿಟ್ಟು ತಲುಪಬೇಕಾದದ್ದು ನಮ್ಮ ಗರಜು.

ಸುಂದರಣ್ಣನಿಗೆ ನಾವೆಲ್ಲ ಧಣಿ ಎನ್ನುತ್ತಿದ್ದೆವು. ಸಿಟ್ಟು ಬಂದರೆ ಅವರು ಕೂಗುತ್ತಿರಲಿಲ್ಲ, ಎಲೆಯಡಿಕೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ನಾನು ಏಜೆಂಟ್ ಹೇಳಿದ್ದನ್ನು ಹೇಳಿದಾಗ ಅರ್ಧ ಗಂಟೆ ಎಲೆಯಡಿಕೆ ಜಗಿದರು. ಆಮೇಲೆ, "ಇನ್ನು ಬೇರೆಯವರ ಗಾಡಿ ಬೇಡ. ನಮ್ಮದೇ ತಕ್ಕೊಳ್ಳುವ" ಎಂದರು. ಒಂದು ಲಾರಿ ಬಂತು, ಆಮೇಲೆ ಎರಡು, ಕೆಲವು ವರ್ಷಗಳಲ್ಲಿ ಏಳಾಯಿತು. ಒಳಗೆ ಥರ್ಮೋಕೋಲ್ ಹಾಕಿ ತಗಡು ಹೊಡೆಸಿದ ಡಬ್ಬಿಯಂಥ ಗಾಡಿಗಳು. ಹೊರಗೆ ನಮ್ಮ ಹೆಸರು ಮೂರು ಭಾಷೆಗಳಲ್ಲಿ.

ಮೊದಲ ಲಾರಿಯ ಡ್ರೈವರು ಪಾದ್ರಾದ ಕನುಭಾಯಿ. ವಡೋದರಾದಿಂದ ಬಹಳ ದೂರವಿಲ್ಲ ಪಾದ್ರಾ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಇಡ್ಲಿ ಎಂದರೆ ಅವರಿಗೆ ಅಷ್ಟಕ್ಕಷ್ಟೇ, ಆದರೆ ಹಿಟ್ಟಿನ ವಿಷಯ ನಮ್ಮ ರುಬ್ಬುವವರಿಗಿಂತ ಚೆನ್ನಾಗಿ ಗೊತ್ತಾಯಿತು. ಸೇತುವೆಯ ಮೇಲೆ ಗಾಡಿ ನಿಂತರೆ ಹಿಂದೆ ಹೋಗಿ ಒಂದೊಂದೇ ಕ್ಯಾನಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಗೋಣಿಗೆ ನೀರು ಚಿಮುಕಿಸಿ ಬರುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಸೂರತ್ತಿನ ಎರಡು ಹೋಟೆಲಿನವರು ಹಿಂಬಾಗಿಲ ಬೀಗದ ಕೈಯನ್ನೇ ಅವರಿಗೆ ಕೊಟ್ಟಿದ್ದರು.

ಈಗ ನನ್ನ ತಪ್ಪನ್ನು ಹೇಳಬೇಕು. ಅಹಮದಾಬಾದಿಗೆ ಹೋದ ಲಾರಿ ಖಾಲಿ ಬರುತ್ತಿತ್ತು. ಖಾಲಿ ಗಾಡಿ ಓಡುವುದನ್ನು ನೋಡಿದರೆ ನನಗೆ ಹೊಟ್ಟೆಯುರಿ. ಅಲ್ಲಿಂದ ಬರುವಾಗ ಏನಾದರೂ ಹಾಕಿಕೊಂಡು ಬಂದರೆ ಡೀಸೆಲಿನ ಖರ್ಚಾದರೂ ಹುಟ್ಟುತ್ತದಲ್ಲ ಎಂದು ಧಣಿಗಳನ್ನು ಒಪ್ಪಿಸಿದೆ. ಒಬ್ಬ ವ್ಯಾಪಾರಿಯ ಮಾಲು ಸಿಕ್ಕಿತು. ಹಗುರ, ಒಣ, ಚೊಕ್ಕ ಮಾಲು. ಅಗರಬತ್ತಿ. ನನಗೆ ನನ್ನ ಬುದ್ಧಿಯ ಬಗ್ಗೆಯೇ ಹೆಮ್ಮೆಯಾಯಿತು.

ಎರಡು ದಿನಕ್ಕೆ ಅಹಮದಾಬಾದಿನ ಚಾಂದ್‌ಖೇಡಾದ ಹೋಟೆಲಿನವರ ಫೋನು ಬಂತು. "ಜಲಜಕ್ಕ, ಒಂದು ಮಾತು ಕೇಳ್ತೇನೆ, ಬೇಜಾರ್ ಮಾಡ್ಬೇಡಿ. ನಿಮ್ಮ ಇಡ್ಲಿ ತಿನ್ಲಿಕ್ಕಾ, ಅಲ್ಲ ಆರತಿ ಎತ್ಲಿಕ್ಕಾ?" ಥರ್ಮೋಕೋಲಿಗೆ ಮಲ್ಲಿಗೆ, ಗುಲಾಬಿ, ಗಂಧ ಎಲ್ಲ ಸೇರಿಕೊಂಡಿತ್ತು. ಹಿಟ್ಟು ಅದನ್ನು ಹೀರಿಕೊಂಡಿತ್ತು. ಅಹಮದಾಬಾದಿನ ಒಂಬತ್ತು ಹೋಟೆಲುಗಳಲ್ಲಿ ಗಿರಾಕಿಗಳು ಇಡ್ಲಿಯನ್ನು ಮೂಸಿ ತಟ್ಟೆ ದೂಡಿದ್ದರು. ನಾನು ಧಣಿಗಳ ಮುಂದೆ ನಿಂತು, "ಇದು ಡ್ರೈವರಿನ ತಪ್ಪಲ್ಲ, ನಂದು" ಎಂದೆ. ಅವರು ಎಲೆಯಡಿಕೆ ಜಗಿದು, "ಹಾಗಾದ್ರೆ ಒಂಬತ್ತು ಕಡೆಗೂ ನೀವೇ ಹೋಗಿ ಹೇಳಿ ಬನ್ನಿ" ಎಂದರು. ಹೋದೆ. ಒಂಬತ್ತು ಕಡೆಯೂ ಕೂತು ಬೈಸಿಕೊಂಡೆ. ಆ ಲಾರಿಯ ಒಳಪದರವನ್ನು ಕಿತ್ತು ಹೊಸತು ಹಾಕಿಸುವವರೆಗೂ ಅದನ್ನು ಡ್ರೈವರುಗಳು 'ಮಂದಿರ್' ಎಂದು ಕರೆಯುತ್ತಿದ್ದರು.

ಸ್ವಂತ ಗಾಡಿಯೆಂದರೆ ಸುಖ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟಯರು, ಎಫ್‌ಸಿ, ಪರ್ಮಿಟ್ಟು, ಡ್ರೈವರಿನ ತಂಗಿಯ ಮದುವೆ, ಡ್ರೈವರಿನ ಬೆನ್ನುನೋವು ಎಲ್ಲವೂ ನಿಮ್ಮ ಮೇಜಿನ ಮೇಲೆ ಬರುತ್ತವೆ. ಒಂದು ಲಾರಿಯ ಗೇರ್‌ಬಾಕ್ಸ್ ಹೋಗಿ ಅದು ಎಷ್ಟು ದಿನ ಅಂಗಳದಲ್ಲಿ ನಿಂತಿತ್ತೆಂದರೆ ಅದರ ತಲೆಯ ಮೇಲೆ ಪಾರಿವಾಳ ಮೊಟ್ಟೆಯಿಟ್ಟು ಮರಿ ಮಾಡಿತು. ಏಳು ಗಾಡಿಗಳಲ್ಲಿ ಹಿಟ್ಟಿಗೆ ನಿಜವಾಗಿ ಬೇಕಾದದ್ದು ಎರಡೇ. ಉಳಿದ ಐದು ಸಾಂಬಾರ್ ಪುಡಿ, ಚಟ್ನಿ ಪುಡಿ, ಹಪ್ಪಳ ಹೊರುತ್ತಿದ್ದವು. ಪುಡಿ ಒಂದು ದಿನ ತಡವಾದರೆ ಯಾರ ಮದುವೆಯೂ ಕೆಡುವುದಿಲ್ಲ. ಅದನ್ನು ಬಾಡಿಗೆ ಗಾಡಿಯಲ್ಲಿ ಕಳಿಸಬಹುದು ಎಂದು ಧಣಿಗಳಿಗೆ ಎರಡು ಸಲ ಹೇಳಿದೆ. ಅವರು, "ನಮ್ಮ ಹೆಸರು ಬರೆದ ಗಾಡಿ ಮಾರುದಾ? ಜನ ಎಂತ ಹೇಳಿಯಾರು?" ಎಂದರು. ದೊಡ್ಡ ಮನುಷ್ಯರು. ಆದರೆ ಆ ವಿಷಯದಲ್ಲಿ ಅವರು ತಪ್ಪು.

ಅವರ ಆರೋಗ್ಯ ಕೆಟ್ಟ ಮೇಲೆ ಮಗ ಪ್ರಕಾಶ ಕಾರ್ಖಾನೆಗೆ ಬಂದ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಗುಜರಾತಿನಲ್ಲೇ. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮೂರು ಭಾಷೆ ಕಲಸಿ ಮಾತಾಡುತ್ತಾನೆ. ಚಿಕ್ಕವನಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಆಡಿದವನು, ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಅವನು ಅಹಮದಾಬಾದಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದ. ಆ ಮನುಷ್ಯ ಎರಡು ವಾರ ನಮ್ಮ ಕಡತಗಳನ್ನು ನೋಡಿದ. ಒಮ್ಮೆಯೂ ಲಾರಿ ಹತ್ತಲಿಲ್ಲ. ಏಳನ್ನೂ ಮಾರಿ, ಎಲ್ಲ ಸಾಗಾಟವನ್ನೂ ಒಂದು ದೊಡ್ಡ ಸಾಗಾಟ ಕಂಪನಿಗೆ ಗುತ್ತಿಗೆ ಕೊಡಿ ಎಂದು ವರದಿ ಕೊಟ್ಟ.

ಸಭೆಯಲ್ಲಿ ಪ್ರಕಾಶ ಹೇಳಿದ: "ಆಂಟಿ, ಲಾರಿ ನಮ್ಮ ಕಾಮ್ ಅಲ್ಲ ನಾ? ನಮ್ಮದು ಹಿಟ್ಟಿನ ಕಾಮ್. ಗಾಡಿದು ಗಾಡಿಯವರು ನೋಡ್ಕೊಳ್ಳಿ."

ನಾನು ವಿರೋಧಿಸುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. ನಾನು, "ಐದನ್ನು ಮಾರು. ನಾಳೆಯೇ ಮಾರು. ಎರಡನ್ನು ಮುಟ್ಬೇಡ" ಎಂದೆ.

"ಯಾಕೆ ಎರಡು?"

"ಹಿಟ್ಟಿಗೆ. ಪುಡಿ ಯಾರ ಗಾಡಿಯಲ್ಲಾದ್ರೂ ಹೋಗ್ತದೆ. ಹಿಟ್ಟು ಹೋಗುದಿಲ್ಲ. ನಿನ್ನ ಗುತ್ತಿಗೆಯವನಿಗೆ ಹಬ್ಬದಲ್ಲಿ ಇನ್ನೊಬ್ಬ ಹೆಚ್ಚು ಕೊಟ್ರೆ ಅವ ಹೋಗ್ತಾನೆ. ನಿನ್ನ ಹಿಟ್ಟು ಕಾಯ್ತದಾ?"

ಸಲಹೆಗಾರ ನಕ್ಕ. ಒಪ್ಪಂದದಲ್ಲಿ ದಂಡದ ಷರತ್ತು ಇರುತ್ತದೆ, ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ, ಹಳೆಯ ಕಾಲದ ಭಯ ಈಗ ಬೇಡ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಪ್ರಕಾಶ ಏಳನ್ನೂ ಮಾರುವುದೆಂದು ನಿರ್ಧರಿಸಿದ. ಸಾಗಾಟ ವಿಭಾಗದ ಒಪ್ಪಿಗೆಯಿದೆ ಎಂಬ ಒಂದು ಕಾಗದಕ್ಕೆ ನನ್ನ ಸಹಿ ಬೇಕಿತ್ತು. "ಸಿರ್ಫ್ ಫಾರ್ಮಾಲಿಟಿ, ಆಂಟಿ" ಎಂದ. ನಾನು ಸಹಿ ಹಾಕುವ ಜಾಗದಲ್ಲಿ ಬರೆದೆ: "ಐದು ಲಾರಿ ಮಾರಲು ನನ್ನ ಒಪ್ಪಿಗೆ ಇದೆ. ಹಿಟ್ಟಿನ ಎರಡು ಲಾರಿ ಮಾರಲು ಇಲ್ಲ. ಹಬ್ಬದಲ್ಲಿ ಗಾಡಿ ಬರುವುದಿಲ್ಲ." ಅದರ ಕೆಳಗೆ ಸಹಿ ಹಾಕಿ, ಒಂದು ಪ್ರತಿ ಮಾಡಿಸಿ ನನ್ನ ಕಪಾಟಿನಲ್ಲಿಟ್ಟೆ. ಕಿರಿಯರಿಗೆ ಹೇಳುತ್ತೇನೆ, ಬಾಯಿಮಾತಿನ ವಿರೋಧವನ್ನು ಗೋಡೆಯೂ ಕೇಳುವುದಿಲ್ಲ. ಬರೆದಿಡಿ.

ಇನ್ನೊಂದು ವಿಷಯದಲ್ಲಿ ನಾನು ಬಿಟ್ಟುಕೊಡಲಿಲ್ಲ. ಹಳೆ ಗಾಡಿಯ ದಲ್ಲಾಳಿಗೆ ಒಟ್ಟಿಗೆ ಏಳನ್ನೂ ಕೊಡುವುದೆಂದು ಮಾತಾಗಿತ್ತು. ದಲ್ಲಾಳಿ ಕೊಡುವ ಬೆಲೆಗೇ ಮೊದಲು ಡ್ರೈವರುಗಳನ್ನು ಕೇಳಬೇಕು, ಕಂತಿನಲ್ಲಿ ತೀರಿಸಲು ಬಿಡಬೇಕು ಎಂದು ಪ್ರಕಾಶನ ಕೋಣೆಯಲ್ಲಿ ಕೂತೆ. ಅವನು ಊಟಕ್ಕೆ ಹೋಗಿ ಬಂದಾಗಲೂ ಅಲ್ಲೇ ಇದ್ದೆ. ಕೊನೆಗೆ ಹೂಂ ಎಂದ. ಮೂವರು ಡ್ರೈವರುಗಳು ಗಾಡಿ ತೆಗೆದುಕೊಂಡರು. ಇಬ್ಬರು ಆ ಸಾಗಾಟ ಕಂಪನಿಗೆ ಸೇರಿದರು. ಒಬ್ಬರು ಹಳ್ಳಿಗೆ ಹೋದರು. ಇನ್ನೊಬ್ಬರು ಎಲ್ಲಿಗೆ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ನನ್ನನ್ನು ಚುಚ್ಚುತ್ತದೆ.

ಗಾಡಿ ಕೊಂಡ ಮೂವರಲ್ಲಿ ಕನುಭಾಯಿಯೂ ಒಬ್ಬರು. ಕಾಗದಪತ್ರ ತೆಗೆದುಕೊಳ್ಳಲು ಬಂದ ದಿನ ಅವರಿಗೆ ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. ಗುಜರಾತಿಯಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ:

"ಬೆನ್, ಧಣಿಗಳ ಕಾಲದಲ್ಲೇ ಮೊದಲು ಐದು ಮಾರಿ ಅಂದವರು ನೀವು. ನೀವು ಐದು ಅಂದ ಮೇಲೆ ಅವರು ಏಳು ಅಂದರು. ನೀವು ಒಂದನ್ನೂ ಮಾರಬೇಡಿ ಅಂದಿದ್ದರೆ?"

"ಐದು ಬೇಕಿರಲಿಲ್ಲ ಕನುಭಾಯಿ. ಬೇಕು ಅಂತ ಸುಳ್ಳು ಹೇಳಲಾ?"

"ಏಳು ಮನೆಗಾಗಿ ಒಂದು ಸುಳ್ಳು ಹೇಳಬಹುದಿತ್ತು."

ಅವರು ಕಾಗದಗಳನ್ನು ಮಡಚಿ ಜೇಬಿಗಿಟ್ಟು ಹೋದರು. ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಆ ಮಾತಿಗೆ ನನ್ನ ಉತ್ತರ ಇಷ್ಟೇ: ಐದರ ವಿಷಯದಲ್ಲಿ ಸುಳ್ಳು ಹೇಳಿದ್ದರೆ ಎರಡರ ವಿಷಯದಲ್ಲಿ ನನ್ನನ್ನು ಯಾರೂ ನಂಬುತ್ತಿರಲಿಲ್ಲ. ನಿಜ ಹೇಳಿದಾಗಲೂ ನಂಬಲಿಲ್ಲವಲ್ಲ ಎನ್ನಬಹುದು. ಹೌದು. ಆದರೂ ನಾನು ಮತ್ತೊಮ್ಮೆ ಐದೇ ಎನ್ನುತ್ತೇನೆ.

ಗುತ್ತಿಗೆಯವರ ಕೆಲಸ ಶುರುವಾಯಿತು. ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ಪುಡಿಯ ವಿಷಯದಲ್ಲಿ ಅವರು ನಮಗಿಂತ ಚೆನ್ನಾಗಿ ಮಾಡಿದರು. ನಾವು ಹೋಗಲಾಗದ ಊರುಗಳಿಗೂ ಹಪ್ಪಳ ಹೋಯಿತು. ಮಾಲು ತಲುಪಿದ ಚೀಟಿ ಮೊಬೈಲಿಗೇ ಬರುತ್ತಿತ್ತು. ಗಾಡಿ ಕೆಟ್ಟರೆ ನನಗೆ ತಲೆನೋವಿಲ್ಲ, ಇನ್ನೊಂದು ಬರುತ್ತಿತ್ತು. ಹಿಟ್ಟಿಗೂ ಒಳಗೆ ತಣ್ಣಗಿಡುವ ಮಂಜು ಯಂತ್ರವಿರುವ ಒಳ್ಳೆಯ ಗಾಡಿಗಳನ್ನೇ ಕೊಟ್ಟರು. ಮಳೆಗಾಲ ಸುಸೂತ್ರ ಕಳೆಯಿತು. ಪ್ರಕಾಶ ನನ್ನನ್ನು ನೋಡಿದಾಗಲೆಲ್ಲ ಹುಬ್ಬು ಹಾರಿಸುತ್ತಿದ್ದ. "ನೋಡಿದ್ರಾ ಆಂಟಿ?" ನಾನು, "ದೀಪಾವಳಿ ಬರ್ಲಿ" ಎನ್ನುತ್ತಿದ್ದೆ. ಕಚೇರಿಯ ಹುಡುಗಿಯರು ನನಗೆ 'ದೀಪಾವಳಿ ಆಂಟಿ' ಎಂದೇ ಹೆಸರಿಟ್ಟಿದ್ದರು.

ದೀಪಾವಳಿಯ ವಾರ ಬಂತು. ಹೋಟೆಲುಗಳ ಬೇಡಿಕೆ ದುಪ್ಪಟ್ಟು. ಅಂದು ಬೆಳಿಗ್ಗೆ ಅಹಮದಾಬಾದು, ಸೂರತ್ತು ಎರಡು ಕಡೆಯ ಕ್ಯಾನುಗಳನ್ನೂ ತುಂಬಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆವು. ಹತ್ತೂವರೆಗೆ ಗಾಡಿಗಳು ಬರಬೇಕಿತ್ತು. ಪ್ರಕಾಶ ಮೊಬೈಲು ತೋರಿಸಿದ. "ಬರ್ತಾ ಇದೆ ಆಂಟಿ. ಹನ್ನೊಂದು ನಿಮಿಷ." ಅರ್ಧ ಗಂಟೆಯ ಮೇಲೆ ನೋಡಿದರೂ ಹನ್ನೊಂದು ನಿಮಿಷ. ಎರಡು ಗಾಡಿಗಳ ಚುಕ್ಕೆಗಳೂ ಪರದೆಯ ಮೇಲೆ ಒಂದೇ ಕಡೆ ನಿಂತಿದ್ದವು.

"ಅದು ಎಲ್ಲಿ ನಿಂತದ್ದು, ದೊಡ್ಡದು ಮಾಡಿ ನೋಡು" ಎಂದೆ. ಅವನು ಬೆರಳಿನಿಂದ ಹಿಗ್ಗಿಸಿದ. ಒಂದು ಮಿಠಾಯಿ ಕಾರ್ಖಾನೆಯ ಅಂಗಳ. ಮಂಜು ಯಂತ್ರವಿರುವ ಗಾಡಿಗಳಿಗೆ ಹಬ್ಬದಲ್ಲಿ ಮಿಠಾಯಿಯವರು ಹೆಚ್ಚು ಬಾಡಿಗೆ ಕೊಡುತ್ತಾರೆ. ಗುತ್ತಿಗೆ ಕಂಪನಿಯವರಿಗೆ ಫೋನು ಮಾಡಿದರೆ, ದಂಡದ ಷರತ್ತಿನ ಪ್ರಕಾರ ದಂಡ ಕಟ್ಟುತ್ತೇವೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ದಂಡ ಕಟ್ಟಿದರೂ ಅವರಿಗೆ ಲಾಭವೇ ಇತ್ತು. ಪ್ರಕಾಶನ ಮುಖ ಕಪ್ಪಿಟ್ಟಿತು. ಕ್ಯಾನುಗಳ ಮುಚ್ಚಳ ಮೆಲ್ಲಗೆ ಏಳತೊಡಗಿತ್ತು.

ನಾನು ಕನುಭಾಯಿಗೆ ಫೋನು ಮಾಡಿದೆ. ಮಾತು ಬಿಟ್ಟು ತಿಂಗಳುಗಳಾಗಿದ್ದವು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಬೆನ್, ನನ್ನ ಗಾಡಿಯಲ್ಲಿ ಟೈಲ್ಸ್ ಇದೆ. ಆಣಂದಕ್ಕೆ ಹೊರಟಿದ್ದೇನೆ."

"ಅದನ್ನು ಇಳಿಸಿ ಬನ್ನಿ. ಎಷ್ಟು ಬೇಕಾದರೂ ಕೊಡಿಸುತ್ತೇನೆ."

ಅವರು ಹೇಳಿದರು: "ಏರಿಸಿದ ಮಾಲನ್ನು ಹೆಚ್ಚು ದುಡ್ಡಿಗೆ ಇಳಿಸಿ ಬಂದರೆ, ನಿಮ್ಮ ಮಿಠಾಯಿ ಗಾಡಿಯವನಿಗೂ ನನಗೂ ಏನು ವ್ಯತ್ಯಾಸ, ಬೆನ್? ಟೈಲ್ಸಿನವನೂ ನನ್ನನ್ನು ಕಾಯುತ್ತಿದ್ದಾನೆ."

ಅವರು ಸೇಡು ತೀರಿಸಿಕೊಳ್ಳುತ್ತಿರಲಿಲ್ಲ, ಅದು ನನಗೆ ಗೊತ್ತು. ಆ ಕ್ಷಣ ನನಗೆ ಅವಮಾನವಾಯಿತು. ಬೇರೆಯವರು ಮಾಡಿದರೆ ದ್ರೋಹ ಎನ್ನುವ ಕೆಲಸವನ್ನೇ ನಾನು ಅವರಿಂದ ಮಾಡಿಸಲು ಹೊರಟಿದ್ದೆ.

ಫೋನು ಇಟ್ಟು ಪ್ರಕಾಶನ ಮುಂದೆ ಕೈಚಾಚಿದೆ. "ಕಾರಿನ ಕೀ ಕೊಡು."

"ಆಂಟಿ, ನನ್ನ ಕಾರಾ?"

"ನಿಂದೇ. ಇಲ್ಲಾಂದ್ರೆ ನೀನೇ ಓಡಿಸು."

ಹಿಂದಿನ ಸೀಟು ಮಡಚಿ ಒದ್ದೆ ಗೋಣಿ ಹಾಸಿದೆವು. ಎಷ್ಟು ಕ್ಯಾನು ಹಿಡಿಯಿತೋ ಅಷ್ಟು ತುಂಬಿದೆವು. ಒಂದನ್ನು ನನ್ನ ಕಾಲುಗಳ ನಡುವೆ ಇಟ್ಟುಕೊಂಡು ನಾನು ಮುಂದೆ ಕೂತೆ. ಸೂರತ್ತು ದೂರ, ಅದನ್ನು ಕೈಬಿಟ್ಟೆವು. ಸೂರತ್ತಿನ ಪ್ರತಿ ಹೋಟೆಲಿಗೂ ನಾನೇ ಫೋನು ಮಾಡಿ ಇವತ್ತು ಹಿಟ್ಟು ಬರುವುದಿಲ್ಲ, ಈಗಲೇ ಅಕ್ಕಿ ನೆನೆಹಾಕಿ ಎಂದು ಹೇಳಿದೆ. ಕೆಲವರು ಬೈದರು. ಇಬ್ಬರು ಏನೂ ಹೇಳದೆ ಫೋನು ಇಟ್ಟರು. ಆ ಇಬ್ಬರು ಮತ್ತೆಂದೂ ನಮ್ಮಲ್ಲಿ ಹಿಟ್ಟು ತೆಗೆದುಕೊಳ್ಳಲಿಲ್ಲ.

ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಪ್ರಕಾಶ ಕಾರು ಓಡಿಸಿದ. ನಡಿಯಾದ್ ದಾಟುವ ಹೊತ್ತಿಗೆ ಹಿಂದಿನಿಂದ ಟಪ್ ಎಂದು ಒಂದು ಮುಚ್ಚಳ ಹಾರಿತು. "ಏನದು?" ಎಂದು ಬೆಚ್ಚಿದ. "ಹಿಟ್ಟು. ಬದಿಗೆ ನಿಲ್ಲಿಸು" ಎಂದೆ. ಇಬ್ಬರೂ ಇಳಿದೆವು. ಒಂದೊಂದು ಮುಚ್ಚಳವನ್ನೂ ಹೇಗೆ ಸಡಿಲಿಸಬೇಕೆಂದು ತೋರಿಸಿದೆ. ಅವನ ಬಿಳಿ ಅಂಗಿಯ ತೋಳು ಮೊಣಕೈವರೆಗೆ ಹಿಟ್ಟಾಯಿತು. ಹುಟ್ಟಿದಂದಿನಿಂದ ಹಿಟ್ಟಿನ ದುಡ್ಡಿನಲ್ಲೇ ಬೆಳೆದ ಹುಡುಗ, ಅದು ಉಬ್ಬುವುದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಇದು ರುಕೋದೇ ಇಲ್ವಾ ಆಂಟಿ?" ಎಂದು ಕೇಳಿದ. "ಇಲ್ಲ, ಅದು ನಿಲ್ಲುದಿಲ್ಲ. ಅದನ್ನೇ ನಾನು ಹೇಳಿದ್ದು" ಎಂದೆ.

ಅಹಮದಾಬಾದಿನಲ್ಲಿ ಐದು ಹೋಟೆಲುಗಳಿಗೆ ಕೊಡುವಷ್ಟು ಹಿಟ್ಟು ಉಳಿದಿತ್ತು. ಚಾಂದ್‌ಖೇಡಾದವರು ಹಿಂಬಾಗಿಲಲ್ಲಿ ನಿಂತು, ಕಾರಿನಿಂದ ಇಳಿಯುತ್ತಿರುವ ಕ್ಯಾನುಗಳನ್ನೂ ಧಣಿಗಳ ಮಗನ ಅಂಗಿಯನ್ನೂ ನೋಡಿ, "ಎಂತ ಪ್ರಕಾಶಣ್ಣ, ಡ್ರೈವರ್ ಕೆಲಸಕ್ಕೆ ಸೇರಿದ್ರಾ?" ಎಂದರು. ಅವನು ಇನ್ನೊಂದು ಕ್ಯಾನು ಇಳಿಸಿದ. ಹಿಂದೆ ಬರುವಾಗ ಕಾರಿನೊಳಗೆ ಕೂರಲಾಗದ ಹುಳಿ ವಾಸನೆ. ಇಬ್ಬರೂ ಕಿಟಕಿ ತೆಗೆದು ಕೂತೆವು.

ಹಬ್ಬ ಮುಗಿದ ಮೇಲೆ ಅವನು ನನ್ನನ್ನು ಕೋಣೆಗೆ ಕರೆದ. ಕನುಭಾಯಿಯ ಜೊತೆ ಹಿಟ್ಟಿಗೆ ವರ್ಷದ ಒಪ್ಪಂದ ಮಾಡಿಕೊಂಡರೆ ಹೇಗೆ ಎಂದ. ನಾನು ಬೇಡ ಎಂದೆ. ಕನುಭಾಯಿ ಈಗ ಯಾರ ಮಾತಿಗೂ ತಲೆಯಾಡಿಸಬೇಕಾಗಿಲ್ಲದ ಮನುಷ್ಯ, ಅವರ ಒಂದೇ ಗಾಡಿ ಕೆಟ್ಟರೆ ಇಡೀ ಸೂರತ್ತಿಗೆ ಹಿಟ್ಟಿಲ್ಲ. "ಎರಡು ಗಾಡಿ ಕೊಳ್ಳು. ಮಂಜು ಯಂತ್ರ ಇರುವಂಥದ್ದು. ಡ್ರೈವರುಗಳಿಗೆ ಸಂಬಳ ಕೊಟ್ಟು ಇಟ್ಕೋ. ಉಳಿದದ್ದು ಗುತ್ತಿಗೆಯವರ ಹತ್ರವೇ ಇರ್ಲಿ."

"ಆಂಟಿ, ನಿಮ್ದು ರಿಟೈರ್ಮೆಂಟ್ ಆರು ತಿಂಗಳು ಇದೆ ಬಸ್. ಇಷ್ಟು ಜಿದ್ ಯಾಕೆ?"

"ಅದಕ್ಕೇ. ಇಲ್ಲಿ ಉಳಿಯುವವರಿಗೆ ನಿನ್ನ ಎದುರು ಹೇಳ್ಲಿಕ್ಕೆ ಹೆದರಿಕೆ ಉಂಟು. ಹೋಗುವವಳಿಗೆ ಎಂತದು?"

ಎರಡು ಗಾಡಿ ಬಂದವು. ವರ್ಷದ ಕೊನೆಯ ಸಭೆಯಲ್ಲಿ ಪ್ರಕಾಶ ಪರದೆಯ ಮೇಲೆ ಬಣ್ಣದ ಚಿತ್ರ ಹಾಕಿ, ಸಲಹೆಗಾರರ ಮಾರ್ಗದರ್ಶನದಲ್ಲಿ ಕಂಪನಿ ಹೊಸ ಮಿಶ್ರ ಪದ್ಧತಿಯನ್ನು ರೂಪಿಸಿದೆ, ಬೇಗ ಕೆಡುವ ಮಾಲಿಗೆ ಸ್ವಂತ ಗಾಡಿ, ಉಳಿದದ್ದಕ್ಕೆ ಗುತ್ತಿಗೆ ಎಂದ. ನಾನು ಹಿಂದಿನ ಸಾಲಿನಲ್ಲಿದ್ದೆ. ಕೈಯೆತ್ತಿದೆ. "ಅದು ಅವರದ್ದಲ್ಲ, ನಂದು. ಕಡತದಲ್ಲಿ ಸಹಿ ಉಂಟು. ಪ್ರತಿ ನನ್ನ ಕಪಾಟಿನಲ್ಲಿ ಉಂಟು" ಎಂದೆ. ಯಾರೋ ಕಿಸಕ್ಕೆಂದರು. ಪ್ರಕಾಶ ಕೆಂಪಾದ. ಆಮೇಲೆ ಪರದೆ ಆರಿಸಿ, "ಹೌದು, ಆಂಟಿದು" ಎಂದ. ಅಷ್ಟೇ ಹೇಳಿದ. ನನಗೆ ಬೇಕಾಗಿದ್ದದ್ದೂ ಅಷ್ಟೇ. ವಯಸ್ಸಾದವಳು ಹೀಗೆ ಎದ್ದು ಹೇಳಬಾರದಿತ್ತು ಎಂದು ಮನೆಯಲ್ಲಿ ಗಂಡ ಬೇಸರಪಟ್ಟರು. ಮೂವತ್ತು ವರ್ಷ ಕೆಲಸ ಮಾಡಿದವಳು ಇನ್ಯಾವಾಗ ಹೇಳಬೇಕು?

ಕನುಭಾಯಿ ಈಗ ನಾಲ್ಕು ಲಾರಿಗಳ ಒಡೆಯರು. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ, ನಾನು ಕೇಳಿಲ್ಲ. ಕಳೆದ ವರ್ಷ ಪಾದ್ರಾದ ಮಾರುಕಟ್ಟೆಯಲ್ಲಿ ಸಿಕ್ಕರು. ಚಹಾ ಕುಡಿಯಲು ಅವರೇ ಕರೆದರು. ಲೋಟ ಕೆಳಗಿಟ್ಟು ಕೇಳಿದರು:

"ಬೆನ್, ಕೆಲಸ ಹೆಚ್ಚಾಗಿದೆ. ನಾಲ್ಕನೆಯದು ಕೊಳ್ಳಲಾ, ಬಾಡಿಗೆಗೆ ಹಿಡಿಯಲಾ?"

"ನಿಮ್ಮ ಹಾಗೆ ಮುಚ್ಚಳ ಸಡಿಲಿಸುವ ಡ್ರೈವರ್ ಒಬ್ಬ ಸಿಕ್ಕಿದ್ದಾನಾ?"

"ಎಲ್ಲಿ ಸಿಗುತ್ತಾರೆ ಈಗ?"

"ಹಾಗಾದರೆ ಕೊಳ್ಳಬೇಡಿ. ಬಾಡಿಗೆಗೆ ಹಿಡಿಯಿರಿ."

ಅವರಿಗೆ ಹಿಡಿಸಲಿಲ್ಲ. ಅವರ ಮನಸ್ಸಿನಲ್ಲಿ ಆಗಲೇ ನಾಲ್ಕನೆಯ ಲಾರಿಗೆ ಬಣ್ಣ ಹೊಡೆದಾಗಿತ್ತು. ಮುಂದಿನ ತಿಂಗಳೇ ಕೊಂಡರಂತೆ. ಡ್ರೈವರು ಸಿಗದೆ ಅದು ವಾರದಲ್ಲಿ ಮೂರು ದಿನ ಅವರ ಮನೆಯ ಮುಂದೆ ನಿಂತಿರುತ್ತದೆ ಎಂದು ಸುದ್ದಿ. ಮತ್ತೆ ಸಿಕ್ಕಿ ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ, ಚಹಾ ಕುಡಿಸಲಿ, ಬಿಡಲಿ.